ಪದಚರ್ಚೆ: ಸಕ್ಕರೆ ಇಲ್ಲದ ‘ಡಯಾಬಿಟಿಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಒಂದು ಕಾಯಿಲೆಯ ಹೆಸರಿನ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಡಯಾಬಿಟಿಸ್ ಇನ್ಸಿಪಿಡಸ್ ಅಂತ ಇಷ್ಟು ಕಾಲ ಕರೆಯುತ್ತಿದ್ದ ಕಾಯಿಲೆ ಅದು. ಹೆಸರು ಬಿಟ್ಟರೆ ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ. ಮೆದುಳಿನಲ್ಲಿ ತಯಾರಾಗಿ ಪಿಟ್ಯುಟರಿ ಗ್ರಂಥಿಯಿಂದ ರಕ್ತಕ್ಕೆ ಸೇರುವ ವಾಸೊಪ್ರೆಸಿನ್ ಅನ್ನೋ ಹಾರ್ಮೋನು, ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಕ್ಕೆ ಹೇಳುತ್ತದೆ. ಅದು ಸಾಲದೆ ಹೋದರೆ, ಅಥವಾ ಇದ್ದರೂ ಮೂತ್ರಪಿಂಡ ಅದರ ಮಾತು ಕೇಳದಿದ್ದರೆ, ಕುಡಿದ ನೀರೆಲ್ಲ ಹೊರಗೆ. ದೊಡ್ಡವರಲ್ಲಿ ದಿನಕ್ಕೆ 3 ಲೀಟರಿಗಿಂತ ಜಾಸ್ತಿ ಮೂತ್ರ ಹೋಗುತ್ತದೆ, ಜೋರಾಗಿದ್ದರೆ 10 ಲೀಟರ್ ದಾಟುವುದೂ ಉಂಟು.

ನಮ್ಮ ಚಿಕ್ಕಪ್ಪನ ಮಗನಿಗೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಇದು ಶುರುವಾಯಿತು. ಜುಲೈ ಮಳೆ, ಮನೆಯವರೆಲ್ಲ ಒಲೆ ಹತ್ತಿರ ಕೂತು ಬಿಸಿನೀರು ಕುಡಿಯುತ್ತಿದ್ದರೆ ಇವನಿಗೆ ಫ್ರಿಜ್ಜಿನ ನೀರೇ ಆಗಬೇಕು. (ತಣ್ಣೀರಿನ ಮೇಲೆ ಹೀಗೆ ಆಸೆಯಾಗುವುದು ಈ ಕಾಯಿಲೆಯವರಲ್ಲಿ ಸಾಮಾನ್ಯ.) ರಾತ್ರಿಯಿಡೀ ಎದ್ದು ಹೋಗುವುದು, ಬಂದು ಮತ್ತೆ ಕುಡಿಯುವುದು. ಚೀಟಿಯಲ್ಲಿ ಡಯಾಬಿಟಿಸ್ ಅನ್ನೋ ಪದ ಕಂಡದ್ದೇ ತಡ, ಬೆಲ್ಲದ ಕಾಫಿ ನಿಂತಿತು, ಹಾಗಲಕಾಯಿ ರಸ ಬಂತು, ನಮ್ಮ ಅಕ್ಕಿ ತರಿಯ ಉಂಡೆ ಕಡಂಬುಟ್ಟಿಗೂ ತಡೆ ಬಿತ್ತು. ಅಷ್ಟಾದರೆ ಪರವಾಗಿಲ್ಲ. ನೀರು ಕುಡಿಯುವುದಕ್ಕೇ ಇಷ್ಟು ಹೋಗುತ್ತಿದೆ ಅಂತ ಅಜ್ಜಿ ಹಾಸಿಗೆ ಪಕ್ಕದ ಚೊಂಬನ್ನೂ ಎತ್ತಿಟ್ಟರು. ಅವರು ಪ್ರೀತಿಯಿಂದಲೇ ಮಾಡಿದ್ದು. ಆದರೆ ಇಂಥವರಿಗೆ ನೀರು ತಪ್ಪಿಸಿದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ಮಂಪರು ಬರುತ್ತದೆ, ಜೀವಕ್ಕೇ ಕುತ್ತು. ಸದ್ಯ, ಡಾಕ್ಟರು ಬೇಗ ತಿಳಿಸಿ ಹೇಳಿದರು, ವಾಸೊಪ್ರೆಸಿನ್ ಬದಲಿಗೆ ಕೊಡುವ ಡೆಸ್ಮೊಪ್ರೆಸಿನ್ ಮಾತ್ರೆ ಶುರುವಾಯಿತು, ಈಗ ಆರಾಮಾಗಿದ್ದಾನೆ.

ಈ ಗೊಂದಲ ನಮ್ಮ ಮನೆಯದು ಮಾತ್ರ ಅಲ್ಲ. 2009ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಈ ಕಾಯಿಲೆಯ ಯುವಕನೊಬ್ಬ ಬೇಕಾದ ಔಷಧಿ ಸಿಗದೆ, ನೀರು ಸಿಗದೆ, ವಾರ್ಡಿನಲ್ಲೇ ತೀರಿಕೊಂಡ. ರೋಗಿಗಳನ್ನೇ ಕೇಳಿದ ಒಂದು ದೊಡ್ಡ ಸಮೀಕ್ಷೆಯಲ್ಲಿ ನೂರಕ್ಕೆ 80 ಜನ, ಆಸ್ಪತ್ರೆಯವರೇ ತಮ್ಮದನ್ನು ಸಕ್ಕರೆ ಕಾಯಿಲೆ ಅಂದುಕೊಂಡದ್ದಿದೆ ಅಂತ ಹೇಳಿದರು. ಕೊನೆಗೆ 2022ರಲ್ಲಿ ಬೇರೆ ಬೇರೆ ದೇಶಗಳ ಹಾರ್ಮೋನ್ ತಜ್ಞರ ಸಂಘಗಳು ಸೇರಿ ಹೆಸರನ್ನೇ ಬದಲಾಯಿಸಿದವು. ಹಾರ್ಮೋನು ಸಾಲದಿದ್ದರೆ ವಾಸೊಪ್ರೆಸಿನ್ ಡಿಫಿಶಿಯೆನ್ಸಿ, ಮೂತ್ರಪಿಂಡ ಕೇಳದಿದ್ದರೆ ವಾಸೊಪ್ರೆಸಿನ್ ರೆಸಿಸ್ಟೆನ್ಸ್. ಎರಡನೆಯದು ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕಾಣಿಸುವುದುಂಟು, ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ.

ಇಂಗ್ಲಿಷಿನಲ್ಲಿ ಹೆಸರು ಸರಿಯಾಯಿತು. ಕನ್ನಡದಲ್ಲಿ ಏನು ಮಾಡೋಣ?

ಹಳೆಯ ಹೆಸರುಗಳು ಹುಟ್ಟಿದ್ದು ಮೂತ್ರದ ರುಚಿಯಿಂದ. ಸಕ್ಕರೆ ಕಾಯಿಲೆಯ ಪೂರ್ತಿ ಹೆಸರು ಡಯಾಬಿಟಿಸ್ ಮೆಲಿಟಸ್; ಮೆಲಿಟಸ್ ಅಂದರೆ ಜೇನಿನ ಸಿಹಿ ಇರುವುದು, ನಮ್ಮ ಮಧುಮೇಹದ ಹಾಗೇ. ಇನ್ಸಿಪಿಡಸ್ ಅಂದರೆ ರುಚಿ ಇಲ್ಲದ್ದು. ಹಾಗಾಗಿ ‘ಸಪ್ಪೆ ಮೂತ್ರ ರೋಗ’ ಅನ್ನಬಹುದು ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆ ಇಲ್ಲ. ಸಪ್ಪೆ ಅಂದರೆ ಒಂದು ಕಡೆ ಉಪ್ಪಿಲ್ಲದ್ದು, ಇನ್ನೊಂದು ಕಡೆ ಸಕ್ಕರೆ ಹಾಕದ್ದು. ‘ಸಪ್ಪೆ ಕಾಫಿ’ ಅಂದರೆ ಸಕ್ಕರೆ ಬೇಡ ಅಂತ, ‘ಸಪ್ಪೆ ಊಟ’ ಅಂದರೆ ಉಪ್ಪು ಬೇಡ ಅಂತ. ಹೆಸರು ಕೇಳಿದ ಕೂಡಲೇ ಮನೆಯವರು ಪಥ್ಯ ಶುರು ಮಾಡುತ್ತಾರೆ, ಅಲ್ವಾ?

ಆಯುರ್ವೇದ ಹೇಳುವ 20 ಪ್ರಮೇಹಗಳಲ್ಲಿ, ಅಂದರೆ ಮೂತ್ರದ ಕಾಯಿಲೆಗಳಲ್ಲಿ, ಉದಕಮೇಹ ಅಂತ ಒಂದಿದೆ, ನೀರಿನಂತೆ ತಿಳಿಯಾದ ಮೂತ್ರ ಅದರ ಲಕ್ಷಣ. ಪದ ಚೆನ್ನಾಗಿದೆ, ಆದರೆ ಮೇಹ ಅಂದ ತಕ್ಷಣ ಜನ ಮಧುಮೇಹಕ್ಕೇ ಹೋಗುತ್ತಾರೆ. ಬಹುಮೂತ್ರ ಅನ್ನೋದು ಎರಡು ಕಾಯಿಲೆಗೂ ಆಗುವ ಮಾತು, ಅದರಿಂದ ಪ್ರಯೋಜನ ಇಲ್ಲ.

‘ಕೊರತೆ’ ಸುಲಭ. ‘ವಾಸೊಪ್ರೆಸಿನ್ ಕೊರತೆ’ ಅಂದರೆ ಆಯಿತು. ನನಗೆ ಕಷ್ಟ ಆಗಿರುವುದು ರೆಸಿಸ್ಟೆನ್ಸ್. ಪತ್ರಿಕೆಗಳಲ್ಲಿ ‘ಇನ್ಸುಲಿನ್ ಪ್ರತಿರೋಧ’ ಅಂತ ಬರೆಯುತ್ತಾರೆ. ಆದರೆ ರೋಗ ಪ್ರತಿರೋಧ ಶಕ್ತಿ ಅಂದರೆ ನಮಗೆ ಒಳ್ಳೆಯದು, ಇರಬೇಕಾದದ್ದು. ಅದೇ ಪದವನ್ನು ಇಲ್ಲಿಯೂ ಇಟ್ಟರೆ ರೋಗಿಗೆ ‘ನನಗೆ ಪ್ರತಿರೋಧ ಇದೆ, ಒಳ್ಳೆಯದೇ’ ಅನ್ನಿಸುವುದಿಲ್ಲವೇ? ಮಾತಿನಲ್ಲಿ ‘ಮದ್ದು ನಾಟಲಿಲ್ಲ’ ಅನ್ನುತ್ತೇವೆ. ಹಾರ್ಮೋನು ಇದೆ, ಆದರೆ ನಾಟುತ್ತಿಲ್ಲ. ‘ವಾಸೊಪ್ರೆಸಿನ್ ನಾಟದಿರುವುದು’ ಅಂದರೆ ಅರ್ಥ ನೇರವಾಗಿ ತಲುಪುತ್ತದೆ ಅಂತ ನನ್ನ ಅಭಿಪ್ರಾಯ. ಬರಹಕ್ಕೆ ಇದು ತೀರಾ ಆಡುಮಾತು ಅನ್ನಿಸುತ್ತದೆಯೇ?

ಎರಡಕ್ಕೂ ಸೇರಿಸಿ ಹೇಳಲು ಒಂದು ಮನೆಮಾತಿನ ಹೆಸರೂ ಬೇಕು. ‘ನೀರು ನಿಲ್ಲದ ಕಾಯಿಲೆ’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಇದರಲ್ಲಿ ಸಿಹಿ, ಸಪ್ಪೆ, ಮೇಹ ಯಾವುದೂ ಇಲ್ಲ. ದೇಹದಲ್ಲಿ ನೀರು ನಿಲ್ಲುತ್ತಿಲ್ಲ, ಅದಕ್ಕೇ ಕುಡಿಯಬೇಕು ಅನ್ನೋದು ಹೆಸರಲ್ಲೇ ಇದೆ.

ಪರೀಕ್ಷೆಯ ಹೆಸರಿನ ಬಗ್ಗೆಯೂ ಒಂದು ಮಾತು. ಇದನ್ನು ಪತ್ತೆ ಮಾಡಲು ಗಂಟೆಗಟ್ಟಲೆ ನೀರು ಕೊಡದೆ ನೋಡುವ ಪರೀಕ್ಷೆ ಇದೆ, ಆಸ್ಪತ್ರೆಯಲ್ಲಿ ಕಾವಲಿಟ್ಟೇ ಮಾಡುತ್ತಾರೆ. ಈಚೆಗೆ ಉಪ್ಪುನೀರಿನ ಡ್ರಿಪ್ ಕೊಟ್ಟು ರಕ್ತದಲ್ಲಿ ಕೊಪೆಪ್ಟಿನ್ ಅಳೆಯುವ ದಾರಿ ಬಂದಿದೆ, ವಾಸೊಪ್ರೆಸಿನ್ ಜೊತೆಗೇ ಹುಟ್ಟುವ ತುಣುಕು ಅದು, ಅಳೆಯಲು ಸುಲಭ. ಹಳೆಯದನ್ನು ‘ನೀರು ತಡೆ ಪರೀಕ್ಷೆ’ ಅಂತ ಬರೆದರೆ ಮನೆಯಲ್ಲೂ ನೀರು ತಡೆಯಬೇಕು ಅಂದುಕೊಂಡಾರು ಅನ್ನೋ ಭಯ ನನಗೆ.

ಇಷ್ಟೆಲ್ಲ ಕೇಳುತ್ತಿರುವುದು ತಮ್ಮನ ಜೇಬಿನಲ್ಲಿ ಇಡಲು ಒಂದು ಕಾರ್ಡ್ ಬರೆಯಬೇಕಾಗಿರುವುದರಿಂದ. ಪ್ರಜ್ಞೆ ತಪ್ಪಿ ಎಲ್ಲೋ ಬಿದ್ದರೆ, ಎತ್ತಿದವರು, ರಾತ್ರಿ ಪಾಳಿಯ ನರ್ಸು, ಯಾರೇ ಓದಿದರೂ ತಿಳಿಯಬೇಕು. ಈಗ ಹೀಗಿದೆ: ‘ಇವರಿಗೆ ವಾಸೊಪ್ರೆಸಿನ್ ಕೊರತೆ ಇದೆ. ಇದು ಸಕ್ಕರೆ ಕಾಯಿಲೆ ಅಲ್ಲ. ಎಚ್ಚರವಿದ್ದಾಗ ಬಾಯಾರಿದಷ್ಟು ನೀರು ಕೊಡಿ. ಡೆಸ್ಮೊಪ್ರೆಸಿನ್ ತಪ್ಪಿಸಬೇಡಿ. ರಕ್ತದ ಸೋಡಿಯಂ ನೋಡಿ.’ ‘ಬಾಯಾರಿದಷ್ಟು’ ಅಂತಲೇ ಬರೆದಿದ್ದೇನೆ, ಯಾಕೆಂದರೆ ಆ ಮಾತ್ರೆ ತೆಗೆದುಕೊಂಡು ಸುಮ್ನೆ ಜಾಸ್ತಿ ನೀರು ಕುಡಿದರೆ ಸೋಡಿಯಂ ಇಳಿದು ಅದೂ ಅಪಾಯ. ಈ ಐದು ಸಾಲಿನಲ್ಲಿ ಎಲ್ಲಾದರೂ ತಪ್ಪು ಅರ್ಥ ಬರುತ್ತದೆಯೇ ನೋಡಿ ಹೇಳಿ. ನಿಮ್ಮ ಕಡೆ ಹಿರಿಯರು ಇಂಥ ಕಾಯಿಲೆಗೆ ಬೇರೆ ಹೆಸರು ಹೇಳುತ್ತಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.