ಪಕ್ಷದಲ್ಲೇ ಇದ್ದು ಪಕ್ಷದ ತಪ್ಪು ಹೇಳುವವರಿಗೆ ಕನ್ನಡದಲ್ಲಿ ಏನೆನ್ನೋಣ?

ಪದಚರ್ಚೆಯ ಎಲ್ಲರಿಗೂ ನಮಸ್ಕಾರ.

ನನ್ನ ಊರು ಕಾಸರಗೋಡು. ಮಲಯಾಳದ ಸುದ್ದಿ, ಲೇಖನಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಒಂದು ಪದ ಬೇಕಾಗಿದೆ. ಪಕ್ಷ ಬಿಟ್ಟು ಹೋದವರಿಗಲ್ಲ, ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತವರಿಗೂ ಅಲ್ಲ. ಪಕ್ಷದಲ್ಲೇ ಇದ್ದುಕೊಂಡು, ‘ನಮ್ಮವರು ಮಾಡಿದ್ದು ತಪ್ಪು’ ಅಂತ ನಾಲ್ಕು ಜನರ ಎದುರು ಹೇಳುವ ರಾಜಕಾರಣಿಗೆ ನೀವು ಏನೆನ್ನುತ್ತೀರಿ?

ಮಲಯಾಳದವರು ‘ವಿಮತನ್’ ಎಂದು ಬಿಡುತ್ತಾರೆ. ಬಂಡಾಯ ಅಭ್ಯರ್ಥಿಗೂ ಅದೇ, ಇವರಿಗೂ ಅದೇ. ಅದನ್ನು ಹಾಗೇ ಎತ್ತಿ ‘ವಿಮತ’ ಎಂದು ಬರೆದರೆ ಕೆಲಸ ಕೆಟ್ಟಿತು. ನಮ್ಮಲ್ಲಿ ಮತ ಅಂದರೆ ಅಭಿಪ್ರಾಯವೂ ಹೌದು, ಓಟೂ ಹೌದು, ಧರ್ಮವೂ ಹೌದು. ಇದು ಯಾವುದೋ ಬೇರೆ ಧರ್ಮದವರ ಸುದ್ದಿ ಅಂತ ಓದುಗ ಅಂದುಕೊಂಡರೆ ತಪ್ಪು ಅವನದ್ದಲ್ಲ.

ಕರ್ನಾಟಕದ ಪತ್ರಿಕೆಗಳ ‘ಭಿನ್ನಮತೀಯ’ಕ್ಕೂ ಇದೇ ತೊಡಕು ಇದೆ. ಆದರೆ ಅದು ಬಳಸಿ ಬಳಸಿ ನೆಲೆನಿಂತ ಪದ. ನನ್ನ ತಕರಾರು ಬೇರೆ. ಭಿನ್ನಮತೀಯ ಅಂದ ಕೂಡಲೇ ದೆಹಲಿ ಯಾತ್ರೆ, ಗುಟ್ಟಿನ ಸಭೆ, ಮುಖ್ಯಮಂತ್ರಿ ಬದಲಾವಣೆ ಇವೇ ಕಣ್ಣಿಗೆ ಬರುತ್ತವೆ. 2019ರ ‘ಅತೃಪ್ತ ಶಾಸಕರು’ ನೆನಪಿದ್ದಾರೆ ಅಲ್ವಾ? ಸ್ಪೀಕರ್ 17 ಮಂದಿಯನ್ನು ಅನರ್ಹಗೊಳಿಸಿದ್ದೇ ತಡ, ಅವರು ‘ಅನರ್ಹ ಶಾಸಕರು’ ಆದರು. ಅತೃಪ್ತ, ಅಸಮಾಧಾನಿತ, ಮುನಿಸಿಕೊಂಡ ಇವೆಲ್ಲ ಮದುವೆಗೆ ಸರಿಯಾಗಿ ಕರೆಯದ ನೆಂಟರಿಗೆ ಹೇಳುವ ಪದಗಳು. ಏನೋ ಸಿಗಲಿಲ್ಲ, ಅದಕ್ಕೇ ಈ ಸಿಟ್ಟು ಅನ್ನುವ ತೀರ್ಪು ಪದದ ಒಳಗೇ ಕೂತಿದೆ.

ಈ ಪದಗಳನ್ನು ಫಿರೋಜ್ ಗಾಂಧಿಯವರಿಗೆ ಹಚ್ಚಿ ನೋಡಿ. ಎಲ್‌ಐಸಿ ಹಣವನ್ನು ಉದ್ಯಮಿ ಮುಂಧ್ರಾ ಅವರ ಕಂಪನಿಗಳಲ್ಲಿ ಹೂಡಿದ ಹಗರಣವನ್ನು 1957ರಲ್ಲಿ ಅವರು ಲೋಕಸಭೆಯಲ್ಲಿ ಎತ್ತಿದರು. ಆಳುತ್ತಿದ್ದದ್ದು ಅವರದೇ ಕಾಂಗ್ರೆಸ್, ಪ್ರಧಾನಿ ಸ್ವಂತ ಮಾವ. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ 1958ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಇವರನ್ನು ‘ಅತೃಪ್ತ ಸಂಸದ’ ಅಂದರೆ ನಗು ಬರುವುದಿಲ್ಲವೇ? ಈಚಿನದ್ದು ಬೇಕಾದರೆ ಕರ್ನಾಟಕ ಕಾಂಗ್ರೆಸ್‌ನ ಕೆ.ಎನ್. ರಾಜಣ್ಣ ಇದ್ದಾರೆ. ಪಕ್ಷ ಮತಗಳ್ಳತನದ ಆರೋಪ ಮಾಡುತ್ತಿದ್ದಾಗ, ಮತದಾರರ ಪಟ್ಟಿ ತಯಾರಾದಾಗ ನಮ್ಮದೇ ಸರ್ಕಾರ ಇತ್ತಲ್ಲ ಎಂಬರ್ಥದ ಮಾತಾಡಿ 2025ರ ಆಗಸ್ಟ್‌ನಲ್ಲಿ ಸಚಿವ ಸ್ಥಾನ ಕಳೆದುಕೊಂಡರು. ಮಾತಾಡುವಾಗ ಅವರು ಮಂತ್ರಿಯೇ ಆಗಿದ್ದರು. ಕುರ್ಚಿ ಸಿಗದ ಸಿಟ್ಟು ಅನ್ನುವ ಹಾಗಿಲ್ಲ.

ಹೆಸರು ಕೊಡಲು ಆಗದ ಕಡೆ ನಮ್ಮ ಪತ್ರಿಕೆಗಳು ಕ್ರಿಯಾಪದ ಹಿಡಿದುಕೊಂಡು ಪಾರಾಗುತ್ತವೆ. ‘ಸ್ವಪಕ್ಷದ ವಿರುದ್ಧವೇ ಹರಿಹಾಯ್ದರು’, ‘ಗುಡುಗಿದರು’, ‘ಕಿಡಿಕಾರಿದರು’, ‘ಪಕ್ಷಕ್ಕೆ ಮುಜುಗರ ತಂದರು’. ಪಾಪ, ಮೆಲ್ಲಗೆ ಹೇಳಿದರೂ ಗುಡುಗೇ.

ಕೇರಳದ ಕಮ್ಯುನಿಸ್ಟ್ ಪಕ್ಷಗಳ ವಿಷಯಕ್ಕೆ ಬಂದಾಗ ಕಷ್ಟ ಇನ್ನೂ ಜಾಸ್ತಿ. ಅಲ್ಲಿ ‘ವಿಮರ್ಶನಂ’ (ಟೀಕೆ), ‘ಸ್ವಯಂವಿಮರ್ಶನಂ’ (ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವುದು) ಎರಡೂ ಪಕ್ಷದ ನಡಾವಳಿಯೊಳಗಿನ ಮಾತುಗಳು. ಸಮಿತಿಯ ಒಳಗೆ ಎಷ್ಟು ಬೇಕಾದರೂ ಟೀಕಿಸಿ, ಹೊರಗೆ ಬಂದು ಹೇಳಿದರೆ ಶಿಸ್ತುಕ್ರಮ. ಅಂದರೆ ತಪ್ಪು ‘ವಿಮರ್ಶನ’ದಲ್ಲಿಲ್ಲ, ‘ಪರಸ್ಯ ಪ್ರಸ್ತಾವನ’ದಲ್ಲಿದೆ, ಅಂದರೆ ಬಹಿರಂಗವಾಗಿ ಹೇಳಿಕೆ ಕೊಡುವುದರಲ್ಲಿದೆ. 2007ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್, ರಾಜ್ಯ ಕಾರ್ಯದರ್ಶಿ ಪಿಣರಾಯಿ ವಿಜಯನ್ ಇಬ್ಬರನ್ನೂ ಸಿಪಿಎಂ ಪಾಲಿಟ್‌ಬ್ಯೂರೋದಿಂದ ಅಮಾನತು ಮಾಡಿದ್ದು ಇದಕ್ಕೇ. ಇದನ್ನು ಕನ್ನಡಕ್ಕೆ ತರುವಾಗ ‘ಪ್ರಸ್ತಾವನೆ’ ಎಂದು ಬರೆದರೆ ವಿ.ಎಸ್. ಯಾವುದೋ ಪುಸ್ತಕಕ್ಕೆ ಮುನ್ನುಡಿ ಬರೆದ ಹಾಗೆ, ‘ವಿಮರ್ಶೆ’ ಎಂದರೆ ಆ ಪುಸ್ತಕವನ್ನೇ ವಿಮರ್ಶಿಸಿದ ಹಾಗೆ ಆಗುತ್ತದೆ. ಬಹಿರಂಗ ಹೇಳಿಕೆ, ಟೀಕೆ ಎಂದೇ ಬರೆಯಬೇಕು. ಇಷ್ಟಾಗಿ ‘ಸ್ವಯಂವಿಮರ್ಶನಂ’ಗೆ ಮಾತ್ರ ‘ಆತ್ಮವಿಮರ್ಶೆ’ಯೇ ಸರಿ. ಆತ್ಮಟೀಕೆ ಅಂತ ಯಾರೂ ಹೇಳುವುದಿಲ್ಲ. ಭಾಷೆಗೆ ಲೆಕ್ಕ ತಪ್ಪದೆ ನಡೆಯುವ ಹಂಗಿಲ್ಲ, ಏನು ಮಾಡುವುದು!

ದ್ರೋಹಿ ಎಂಬರ್ಥದ ಮಲಯಾಳದ ಬೈಗುಳ ‘ಕುಲಂಕುತ್ತಿ’ಯದ್ದು ಇನ್ನೊಂದು ಕತೆ. 2008ರಲ್ಲಿ ಸಿಪಿಎಂ ಬಿಟ್ಟು ಬೇರೆ ಪಕ್ಷ ಕಟ್ಟಿದ ಟಿ.ಪಿ. ಚಂದ್ರಶೇಖರನ್ 2012ರ ಮೇ 4ರಂದು ಕೊಲೆಯಾದರು. ಆ ಮೇಲೂ ಚಂದ್ರಶೇಖರನ್ ಅವರನ್ನು ಪಿಣರಾಯಿ ಕುಲಂಕುತ್ತಿ ಎಂದೇ ಕರೆದರು. ವಿ.ಎಸ್. ಅದನ್ನು ಒಪ್ಪದೆ, ಉಪಚುನಾವಣೆಯ ಮತದಾನದ ದಿನವೇ ಒಂಚಿಯಂನ ಚಂದ್ರಶೇಖರನ್ ಮನೆಗೆ ಹೋಗಿ ಬಂದರು. ಆದರೂ ಪಕ್ಷ ಬಿಡಲಿಲ್ಲ. 2025ರ ಜುಲೈಯಲ್ಲಿ ತೀರಿಕೊಳ್ಳುವಾಗಲೂ ಅವರು ಆ ಪಕ್ಷದವರೇ. ಕುಲಂಕುತ್ತಿಗೆ ‘ಕುಲಗೇಡಿ’ ಎಂದು ಬರೆಯುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಕುಲಗೇಡಿ ಅನ್ನುವುದು ದಾರಿ ತಪ್ಪಿದ ಮಗನಿಗೆ ಬೈಯುವ ಮಾತು. ಕುಲಂಕುತ್ತಿಯಲ್ಲಿ ಒಳಗಿನಿಂದ ಇರಿದ ಆರೋಪ ಇದೆ. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಅನ್ನುತ್ತೇವಲ್ಲ, ಆ ಕೊಡಲಿ ಕಾವೇ ಹತ್ತಿರದ್ದು. ಆದರೆ ಇವು ಪಕ್ಷದವರು ಎಸೆಯುವ ಪದಗಳು. ವರದಿ ಬರೆಯುವವನಿಗೆ ಎರಡೂ ಕಡೆಗೆ ವಾಲದ ಪದ ಬೇಕು.

ನಮ್ಮ ಊರಿನ ತಾಳಮದ್ದಳೆಯಲ್ಲಿ ಹುಡುಕಿದರೆ? ವಿಭೀಷಣ ಆಗುವುದಿಲ್ಲ, ಅವನು ಆಚೆ ಕಡೆಗೆ ಹೋದವನು. ವಿದುರ ಸಭೆಯಲ್ಲಿ ಹೇಳಿದ, ಹೇಳಿ ಹೇಳಿ ಸಾಕಾಗಿ ಕೊನೆಗೆ ಬಿಲ್ಲು ಮುರಿದು ಸುಮ್ಮನಾದ. ಸರಿಯಾಗಿ ಹೊಂದುವವನು ವಿಕರ್ಣ. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಇದು ಅನ್ಯಾಯ ಎಂದ ಕೌರವ ಅವನು. ಆಮೇಲೆ ಯುದ್ಧ ಮಾಡಿದ್ದು ಅಣ್ಣನ ಕಡೆಯಿಂದಲೇ, ಸತ್ತದ್ದು ಭೀಮನ ಕೈಯಲ್ಲಿ. ‘ಪಕ್ಷದ ವಿಕರ್ಣ’ ಎಂದು ಶೀರ್ಷಿಕೆ ಕೊಡುವ ಆಸೆ ನನಗಿದೆ. ಆದರೆ ಓದುಗರು ಕರ್ಣನ ಮುಂದೆ ಅಚ್ಚಿನ ತಪ್ಪು ಬಿದ್ದಿದೆ ಅಂದುಕೊಂಡಾರು.

ನನಗೆ ಸದ್ಯ ತೋಚಿದ್ದು ‘ನಿಷ್ಠುರಿ’. ವಚನದ ‘ನ್ಯಾಯನಿಷ್ಠುರಿ’ಯಿಂದ ಹಿಡಿದು ಮನೆಮಾತಿನವರೆಗೆ ಈ ಪದ ಇದೆ. ‘ಯಾಕೆ ಸುಮ್ನೆ ನಿಷ್ಠುರ ಕಟ್ಟಿಕೊಳ್ಳುವುದು?’ ಅನ್ನುತ್ತೇವಲ್ಲ, ಅಲ್ಲಿ ಹೇಳುವ ಖಾರವೂ ಇದೆ, ಹೇಳಿದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. ‘ಪಕ್ಷನಿಷ್ಠ’ರ ಪಕ್ಕದಲ್ಲಿ ‘ಪಕ್ಷನಿಷ್ಠುರಿ’ ಎಂದರೆ ಕಿವಿಗೂ ಚೆನ್ನಾಗಿದೆ.

ತೊಂದರೆ ಒಂದೇ. ಮಲಯಾಳದಲ್ಲಿ ‘ನಿಷ್ಠೂರಂ’ ಅಂದರೆ ಕ್ರೂರ. ಕೊಲೆಯ ಸುದ್ದಿಯಲ್ಲಿ ಬರುವ ಪದ ಅದು. ಎರಡೂ ಭಾಷೆ ಓದುವ ಕಾಸರಗೋಡು, ಮಂಜೇಶ್ವರದವರಿಗೆ ‘ಪಕ್ಷನಿಷ್ಠುರಿ ವಿ.ಎಸ್.’ ಎಂದು ಬರೆದರೆ ಹೇಗೆ ಕೇಳೀತು? ಗಡಿಯ ಈಚೆ ಇರುವವರು ಇದನ್ನು ಹೇಳಬೇಕು. ಬಳ್ಳಾರಿ, ಬೆಳಗಾವಿ ಕಡೆಯವರು ನಿಷ್ಠುರ ಪದವನ್ನು ಇದೇ ಅರ್ಥದಲ್ಲಿ ಆಡುತ್ತೀರಾ, ಅಥವಾ ನಿಮ್ಮಲ್ಲಿ ಬೇರೆ ಮಾತಿದೆಯೇ? ಇದ್ದರೆ ಒಂದು ವಾಕ್ಯದಲ್ಲಿ ಬಳಸಿ ಕಳಿಸಿ.