ಜಿಸ್ಯಾಟ್-ಎನ್2 ಫಾಲ್ಕನ್‌ನಲ್ಲಿ ಹೋದದ್ದು ಸರಿಯಾ?

ಸೋಮವಾರಪೇಟೆ ತೋಟದವ:
ನವೆಂಬರ್ 2024ರಲ್ಲಿ ಇಸ್ರೋ ಕಟ್ಟಿದ ಇಂಟರ್ನೆಟ್ ಉಪಗ್ರಹ ಜಿಸ್ಯಾಟ್-ಎನ್2 ಅನ್ನು ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ ಫ್ಲೋರಿಡಾದಿಂದ ಹೊತ್ತೊಯ್ದಿತು. ಚಂದ್ರನ ಮೇಲೆ ಇಳಿದವರು ನಾವು. ನಮ್ಮ ಉಪಗ್ರಹಕ್ಕೆ ಹೊರಗಿನ ಖಾಸಗಿ ಕಂಪನಿ ಬೇಕಾಯಿತಾ? ನನಗೆ ಬೇಜಾರಾಯಿತು.

ಮಡಿಕೇರಿ ಮಂಜು:
ಅಣ್ಣ, ತೂಕ ನೋಡಿ. ಅದು 4,700 ಕೆಜಿ, ನಮ್ಮ ದೊಡ್ಡ ರಾಕೆಟ್ ಎಲ್‌ವಿಎಂ3 ಭೂಸ್ಥಿರ ಕಕ್ಷೆಯ ದಾರಿಗೆ ಹೊರುವುದು ಸುಮಾರು 4,000. 2018ರಲ್ಲಿ 5,854 ಕೆಜಿಯ ಜಿಸ್ಯಾಟ್-11 ಕೂಡ ಯುರೋಪಿನ ಏರಿಯಾನ್ 5ರಲ್ಲೇ ಹೋಗಿತ್ತು, ಆ ರಾಕೆಟ್ 2023ಕ್ಕೆ ನಿಂತೇ ಹೋಯಿತು. ರಾಕೆಟ್ ಕೆಲಸ ಅರ್ಧ ಗಂಟೆ, ಉಪಗ್ರಹದ್ದು 14 ವರ್ಷ. ಅದನ್ನು ನೋಡಿಕೊಳ್ಳುವುದು ನಮ್ಮ ಪಕ್ಕದ ಹಾಸನದ ಕೇಂದ್ರ.

ಸೋಮವಾರಪೇಟೆ ತೋಟದವ:
ಆ ಅರ್ಧ ಗಂಟೆಯ ದರ, ದಿನಾಂಕ ಎರಡನ್ನೂ ಅವರೇ ಹೇಳುತ್ತಾರಲ್ಲ. ನವೆಂಬರ್ 2025ರಲ್ಲಿ 4,410 ಕೆಜಿಯ ಸಂಪರ್ಕ ಉಪಗ್ರಹ ಸಿಎಂಎಸ್-03 ಶ್ರೀಹರಿಕೋಟಾದಿಂದ ಎಲ್‌ವಿಎಂ3ರಲ್ಲೇ ಹೋಯಿತು.

ಮಡಿಕೇರಿ ಮಂಜು:
ಹೋಯಿತು, ಖುಷಿಯೇ. ಆದರೆ ಕಕ್ಷೆ ತಗ್ಗಿಸಿ ಬಿಟ್ಟರು, ಉಳಿದ ಎತ್ತರವನ್ನು ಉಪಗ್ರಹ ತನ್ನ ಇಂಧನ ಸುಟ್ಟೇ ಏರಬೇಕು. ಇಂಧನ ಅಂದರೆ ಆಯಸ್ಸು ಅಲ್ವಾ?

ನಾಪೋಕ್ಲು ಅಕ್ಕ:
ನೀವಿಬ್ಬರೂ ರಾಕೆಟ್ ಬಿಟ್ಟು ಕೆಳಗೆ ನೋಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನೆಂಟರು ಬದುಕಿದ್ದಾರಾ ಅಂತ ತಿಳಿಯಲು ಫೋನೇ ಸಿಗಲಿಲ್ಲ, ಈಗಲೂ ಜುಲೈನಲ್ಲಿ ಕರೆಂಟ್ ಹೋಯಿತೆಂದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಜಿಸ್ಯಾಟ್-ಎನ್2 ನೆಲದತ್ತ ಬೀರುವ 32 ಸಿಗ್ನಲ್ ಕಿರಣಗಳಲ್ಲಿ (ಬೀಮ್) 8 ಈಶಾನ್ಯಕ್ಕೆ, 24 ಉಳಿದ ದೇಶಕ್ಕೆ, ಅಂದರೆ ನಮ್ಮ ಬೆಟ್ಟಕ್ಕೂ ಸಿಗುತ್ತದೆ. ಆದರೆ ಅದು ಕೆಎ ಬ್ಯಾಂಡ್, ಅಂದರೆ ತುಂಬಾ ಹೆಚ್ಚಿನ ಆವರ್ತನದ ರೇಡಿಯೋ ಅಲೆ. ಜೋರು ಮಳೆಯಲ್ಲಿ ಆ ಸಿಗ್ನಲ್ ಕುಗ್ಗುತ್ತದೆ, ನಮಗೆ ಬೇಕಾಗುವುದೇ ಜೋರು ಮಳೆಯಲ್ಲಿ! ಪಂಚಾಯಿತಿಗೊಂದು ಡಿಶ್, ಬ್ಯಾಟರಿ, ಮಳೆಯನ್ನು ತಡೆದುಕೊಳ್ಳುವ ಬೇರೆ ಬ್ಯಾಂಡಿನ ಉಪಗ್ರಹ ಫೋನ್ ಇಟ್ಟರೆ ಉಪಯೋಗ. ಯಾರ ರಾಕೆಟ್ ಅಂತ ನನಗೆ ಮುಖ್ಯವಲ್ಲ.

ಮಡಿಕೇರಿ ಮಂಜು:
ಅಕ್ಕ, ಇದನ್ನು ಗ್ರಾಮಸಭೆಯಲ್ಲೇ ಎತ್ತಬೇಕು. ನಾನೂ ಬರುತ್ತೇನೆ.

ಸೋಮವಾರಪೇಟೆ ತೋಟದವ:
ನಾನೂ ಬರುತ್ತೇನೆ ಅಕ್ಕ. ಆದರೆ ರಾಕೆಟ್ ಮಾತು ಬಿಡುವುದಿಲ್ಲ. ಎಲ್‌ವಿಎಂ3ಗೆ ಸೆಮಿಕ್ರಯೋ ಹಂತ (ಸೀಮೆಎಣ್ಣೆ, ದ್ರವ ಆಮ್ಲಜನಕ ಉರಿಸುವ ಎಂಜಿನ್‌ನ ಭಾಗ) ಸೇರಿದರೆ ಅದೇ ರಾಕೆಟ್ 5 ಟನ್ ದಾಟುತ್ತದೆ. 8,240 ಕೋಟಿಯ ಹೊಸ ದೊಡ್ಡ ರಾಕೆಟ್‌ಗೂ 2024ರಲ್ಲೇ ಒಪ್ಪಿಗೆ ಸಿಕ್ಕಿದೆ, ಅದು ಬರುವ ತನಕ ಸುಮ್ನೆ ಬಾಡಿಗೆ ಕಟ್ಟುವ ಬದಲು ಸೆಮಿಕ್ರಯೋ ಬೇಗ ಮುಗಿಸಲಿ.