ಅಪ್ಪ ಆಪರೇಷನ್ ಬೇಡ ಅಂತಿದ್ದಾರೆ, ಮಕ್ಕಳು ಸಹಿ ಹಾಕಬಹುದಾ?

ಪ್ರಶ್ನೆ (ತಿಪಟೂರಿನಿಂದ):
ಅಪ್ಪನಿಗೆ 74 ವರ್ಷ. ಶುಗರ್‌ನಿಂದ ಕಾಲು ಕೊಳೆತಿದೆ. ಮೊಣಕಾಲಿನ ಕೆಳಗೆ ತೆಗೆಯಬೇಕು ಅಂತ ತುಮಕೂರಿನ ಡಾಕ್ಟರ್ ಹೇಳಿದ್ದಾರೆ. ಅಪ್ಪ ಸುತರಾಂ ಒಪ್ಪುತ್ತಿಲ್ಲ. "ಅವರಿಗೆ ಅರಳುಮರಳು, ನಾವೇ ಸಹಿ ಹಾಕೋಣ" ಅಂತಾನೆ ಅಣ್ಣ. ಅನುಭವ ಇದ್ದವರು ಹೇಳಿ.

ಗುಬ್ಬಿಯಿಂದ:
ಅಕ್ಕ, ನಮ್ಮ ದೊಡ್ಡಪ್ಪನದ್ದೂ ಇದೇ ಕಥೆ. ಸಹಿ ಹಾಕೋಕೆ ಮನೆಯವರೆಲ್ಲ ತುದಿಗಾಲಲ್ಲಿ ನಿಂತಿದ್ದರು. ಸರ್ಜನ್ ಮಾತ್ರ ಸ್ಟೂಲ್ ಎಳೆದುಕೊಂಡು ಮಂಚದ ಪಕ್ಕ ಕೂತರು. "ಯಜಮಾನ್ರೇ, ನಾನು ಹೇಳಿದ್ದನ್ನ ನಿಮ್ಮ ಮಾತಲ್ಲಿ ಹೇಳಿ ನೋಡೋಣ" ಅಂದರು. "ತೆಗೀದಿದ್ರೆ ನಂಜು ಮೈಗೆಲ್ಲ ಏರುತ್ತೆ, ಜೀವ ಹೋಗಬಹುದು. ತೆಗೆದ್ರೆ ತೋಟಕ್ಕೆ ಹೋಗೋಕಾಗಲ್ಲ. ನಂಗೆ ಬೇಡ." ಮೊಮ್ಮಕ್ಕಳ ಹೆಸರು ಅದಲು ಬದಲು ಮಾಡುವ ಮನುಷ್ಯ! ಆದರೆ ಇದು ತಿಳಿದಿತ್ತಲ್ಲ, ಅಷ್ಟು ಸಾಕು ಅಂದರು ಡಾಕ್ಟರ್.

ರೋಗಿಗೆ ತಿಳಿವಳಿಕೆ ಇರುವಾಗ ಮಕ್ಕಳ ಸಹಿ ನಡೆಯಲ್ಲ. ಸಮೀರಾ ಕೊಹ್ಲಿ ಕೇಸಿನಲ್ಲಿ, ಅರಿವಳಿಕೆಯಲ್ಲಿದ್ದ ಮಗಳ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಆ ಒಪ್ಪಿಗೆ ಸಲ್ಲದು ಅಂತ 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಶಿರಾದಿಂದ, ನರ್ಸ್:
ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಎಚ್ಚರ. ನಂಜು ಏರಿದಾಗ, ಶುಗರ್ ಇಳಿದಾಗ ದೊಡ್ಡವರು ಏನೇನೋ ಮಾತಾಡ್ತಾರೆ. ರಾತ್ರಿ ಅಂದ "ಬೇಡ"ವನ್ನೇ ಹಿಡಿಯಬೇಡಿ. ಜ್ವರ ಇಳಿದ ಮೇಲೆ, ಕಿವಿ ಮಷಿನ್ ಇದ್ದರೆ ಹಾಕಿಸಿ, ಮತ್ತೆ ಕೇಳಿಸಿ. ವಿಷಯ ತಿಳೀತಾ, ಮುಂದೇನಾಗುತ್ತೆ ಗೊತ್ತಾ, ತೀರ್ಮಾನವನ್ನು ಮಾತಲ್ಲೋ ಸನ್ನೆಯಲ್ಲೋ ಹೇಳ್ತಾರಾ? 2017ರ ಮಾನಸಿಕ ಆರೋಗ್ಯ ಕಾಯ್ದೆ ನೋಡೋದೂ ಇದನ್ನೇ. ಅದು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಮಾಡಿದ್ದು, ಆದರೂ ಅಳತೆಗೋಲು ಚೆನ್ನಾಗಿದೆ. ಅವರ ತೀರ್ಮಾನ ಬೇರೆಯವರಿಗೆ ತಪ್ಪಾಗಿ ಕಂಡ ಮಾತ್ರಕ್ಕೆ ಬುದ್ಧಿ ಇಲ್ಲ ಅನ್ನೋ ಹಾಗಿಲ್ಲ ಅಂತಲೂ ಅದರಲ್ಲಿದೆ.

ಯಾಕೆ ಬೇಡ ಅಂತಿದ್ದಾರೆ, ಅದನ್ನೂ ಕೇಳಿ. ಎಷ್ಟೋ ಸಲ ಖರ್ಚಿನ ಭಯ, ಅಷ್ಟೇ. ಕೃತಕ ಕಾಲು ಸಿಗುತ್ತೆ ಅಂತಲೇ ಗೊತ್ತಿರಲ್ಲ. ಕೊನೆಗೂ ಬೇಡ ಅಂದರೆ ಕೇಸ್ ಶೀಟಿನಲ್ಲಿ ಬರೆಸಿ. ಆಪರೇಷನ್ ಬೇಡ ಅಂದವರಿಗೆ ಡ್ರೆಸ್ಸಿಂಗ್, ಆಂಟಿಬಯೋಟಿಕ್, ನೋವಿನ ಔಷಧಿ ಬೇಕೇ ಬೇಕು. ಸುಮ್ನೆ ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗಬೇಡಿ.

ಕುಣಿಗಲ್‌ನಿಂದ:
2025ರ ಜನವರಿಯಲ್ಲಿ ನಮ್ಮ ಸರ್ಕಾರ ಹೊರಡಿಸಿದ ಘನತೆಯ ಸಾವಿನ ಆದೇಶ ಇದಕ್ಕೆ ಬೇಕಾ ಅಂತ ಯಾರಾದರೂ ಕೇಳಬಹುದು. ಬೇಡ. ಅದು ಗುಣವಾಗುವ ಆಸೆ ಇಲ್ಲದವರ ವೆಂಟಿಲೇಟರ್‌ನಂಥದ್ದನ್ನು ನಿಲ್ಲಿಸೋಕೆ. ಮುಂದೆ ಪ್ರಜ್ಞೆ ತಪ್ಪಿದರೆ ಏನು ಮಾಡಬೇಕು ಅಂತ ಅಪ್ಪ ಈಗಲೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯ್ತು. 2023ರಿಂದ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗೋದು ತಪ್ಪಿದೆ.